ಭಟ್ಟಿಮನೆಯ ಕೆಮ್ಮು

ಬೀದಿಯ ಮರಗಳು ಹಳದಿ ಪುಡಿ ಉದುರಿಸಲು ಶುರುಮಾಡಿದವೆಂದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದು ಅಣ್ಣನ ಮೂಗಿಗೆ. ಆ ಬೆಳಿಗ್ಗೆ ಹಾಸಿಗೆಯ ಮೇಲೆ ಎದ್ದು ಕೂತು, ಇನ್ನೂ ಕಣ್ಣು ಬಿಡುವ ಮೊದಲೇ ಸೀನಲು ತೊಡಗಿದನೆಂದರೆ, ನಿಲ್ಲಿಸುವ ಹೊತ್ತಿಗೆ ಪಕ್ಕದ ಮನೆಯವರೂ ಎದ್ದಿರುತ್ತಿದ್ದರು. ಅಲ್ಲಿಂದ ಮುಂದೆ, ಮರಗಳು ಹೂ ಮುಗಿಸಿ ಚಿಗುರುವವರೆಗೂ, ಅವನ ಮೂಗು ಕೆಂಪು, ಕಣ್ಣಲ್ಲಿ ನೀರು, ಮಾತೆಲ್ಲ ಗೊಣಗೊಣ. ಬೇರೆಯವರಿಗಾದರೆ ಇದು ಒಂದೆರಡು ಕರ್ಚೀಫಿನ ಕಷ್ಟ. ಅಣ್ಣನಿಗೆ ಹಾಗಲ್ಲ. ಅವನು ಮೂಗಿನಿಂದ ಬ್ರೆಡ್ಡು ಬೇಯಿಸುವವನು.

ಮೂಗಿನಿಂದ ಎಂದರೆ ನಗಬೇಡಿ. ಬೇಕರಿ ಅಣ್ಣತಮ್ಮಂದಿರದು. ಹಿಟ್ಟು ನಾದುವುದು ಇಬ್ಬರೂ, ಬ್ರೆಡ್ಡು ಬೇಯುವ ಸೌದೆ ಭಟ್ಟಿಗೆ ಅಣ್ಣ, ವ್ಯಾನಿಗೆ ತಮ್ಮ. ಭಟ್ಟಿಮನೆಯ ಬಾಗಿಲ ಪಕ್ಕದ ಮೇಜಿನಲ್ಲಿ ಬ್ರೆಡ್ಡು ಹೆಚ್ಚಿ ಕಾಗದ ಸುತ್ತುವವಳು ಅಣ್ಣನ ಹೆಂಡತಿ. ತಮ್ಮ ಅವಳನ್ನು ಅತ್ತಿಗೆ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಹಿಟ್ಟಿನ ಲಾರಿಯವನೂ ಅತ್ತಿಗೆ ಎಂದ, ಅಂಗಡಿಗೆ ಬರುವ ಮುದುಕರೂ ಅತ್ತಿಗೆ ಎಂದರು. ಹೀಗೆ ಅವಳು ಬೀದಿಗೆಲ್ಲ ಅತ್ತಿಗೆ, ಅವನು ಬೀದಿಗೆಲ್ಲ ಅಣ್ಣ ಆಗಿದ್ದರು. ಅವಳೊಬ್ಬಳು ಮಾತ್ರ ಅವನನ್ನು 'ರೀ' ಎನ್ನುತ್ತಿದ್ದಳು.

ಆ ಭಟ್ಟಿಮನೆಯಲ್ಲಿ ಗಡಿಯಾರವಿರಲಿಲ್ಲ. ಒಂದು ಕಾಲದಲ್ಲಿ ಇತ್ತಂತೆ. ಅತ್ತಿಗೆಯ ಮಾವ ಅದನ್ನು ಕಿತ್ತು ಅಟ್ಟಕ್ಕೆ ಹಾಕಿದರಂತೆ. ಒಂದು ದಿನ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಒಂದು ದಿನ ಸೌದೆ ಹಸಿ, ಇನ್ನೊಂದು ದಿನ ಹೊರಗೆ ಚಳಿ. ಎಲ್ಲ ದಿನಕ್ಕೂ ಒಂದೇ ಲೆಕ್ಕ ಹೇಳುವ ಗಡಿಯಾರವನ್ನು ನಂಬಿ ಬೇಯಿಸಲಾಗುತ್ತದೆಯೇ? "ಗಡಿಯಾರಕ್ಕೆ ಮೂಗಿಲ್ಲ" ಎಂಬುದು ಮಾವನ ಮಾತು. ಇನ್ನೊಂದು ಕಟ್ಟಳೆಯೂ ಅವರದೇ: ಕಬ್ಬಿಣದ ಬಾಗಿಲನ್ನು ಒಂದೇ ಒಂದು ಸಲ ತೆರೆಯಬೇಕು. ನಡುವೆ ಇಣುಕಿದರೆ ಕಾವು ಹೊರಗೆ ಬಂದು, ಉಬ್ಬಿದ ಬ್ರೆಡ್ಡು ಮುನಿಸಿಕೊಂಡು ಕೂತುಬಿಡುತ್ತದೆ. ಆದ್ದರಿಂದ ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಬಾಗಿಲ ಮುಂದೆ ನಿಂತು, ವಾಸನೆ ಹಿಡಿದು, ಬಂತು ಎನ್ನಿಸಿದಾಗ ಬಾಗಿಲಿಗೆ ಹಾಕಿದ ಕಬ್ಬಿಣದ ಬಳೆ ಹಿಡಿದು ಎಳೆಯಬೇಕು. ಗಡಿಯಾರವಿದ್ದ ಮೊಳೆಗೆ ಈಗ ಅಣ್ಣನ ಟವೆಲು ನೇತಾಡುತ್ತಿತ್ತು.

ಅತ್ತಿಗೆಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಲಿಲ್ಲ. ವರ್ಷಗಟ್ಟಲೆ ಬಾಗಿಲ ಪಕ್ಕ ಕೂತವಳಿಗೆ ಅದು ತಾನಾಗಿ ಬಂತು. ಮೊದಲು ಒದ್ದೆ ಹಿಟ್ಟಿನ ವಾಸನೆ, ಆಮೇಲೆ ಸ್ವಲ್ಪ ಹುಳಿ, ಆಮೇಲೆ ಇದ್ದಕ್ಕಿದ್ದಂತೆ ಸಿಹಿ. ಆ ಸಿಹಿ ತುಸು ಗಟ್ಟಿಯಾಯಿತು ಎನ್ನುವಾಗ ಬಾಗಿಲು ತೆರೆಯಬೇಕು. ಬಿಟ್ಟರೆ ಸಣ್ಣಗೆ ಒಂದು ಕಹಿ ಏಳುತ್ತದೆ, ಎದ್ದ ಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ. ಚಾಕು ಆಡಿಸುತ್ತಲೇ ಅವಳಿಗೆ ಇದೆಲ್ಲ ಗೊತ್ತಾಗುತ್ತಿತ್ತು. ಗೊತ್ತಾಗುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಅಣ್ಣನ ಮೂಗು ಮೊದಲ ಸಲ ಕಟ್ಟಿದ ವರ್ಷ ನಡೆದದ್ದು ಇಷ್ಟು. ಸಿಹಿ ಬಂತು, ಗಟ್ಟಿಯೂ ಆಯಿತು. ಅತ್ತಿಗೆ ತಲೆ ಎತ್ತಿ ನೋಡಿದರೆ ಗಂಡ ಕೈಕಟ್ಟಿ ಆರಾಮವಾಗಿ ನಿಂತಿದ್ದಾನೆ, ಬಸ್ಸಿಗೆ ಕಾಯುವವರ ಹಾಗೆ. ಮೈದುನ ಅಲ್ಲೇ ಖಾಲಿ ಟ್ರೇ ಜೋಡಿಸುತ್ತಿದ್ದ. ತಮ್ಮನ ಎದುರು 'ರೀ, ತೆಗೀರಿ' ಎಂದರೆ ಭಟ್ಟಿಯವನ ಮಾನ ಏನಾಗಬೇಕು? ಏನು ಮಾಡುವುದೆಂದು ತೋಚದೆ ಬಾಯಿಗೆ ಹಿಟ್ಟಿನ ಧೂಳು ಹೋಗಿ ಅವಳಿಗೆ ಕೆಮ್ಮು ಬಂತು. ನಿಜವಾದ ಕೆಮ್ಮೇ. ಅಣ್ಣ ತಿರುಗಿ ನೋಡಿದ, ತಿರುಗಿದವನ ಕೈ ಬಳೆಗೆ ಹೋಯಿತು, ಬಾಗಿಲು ತೆರೆಯಿತು. ಬ್ರೆಡ್ಡು ಬಂಗಾರದ ಬಣ್ಣ.

ಎರಡನೆಯ ಸಲದ ಕೆಮ್ಮು ನಿಜದ್ದಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷ ಮರ ಹೂ ಬಿಟ್ಟಾಗ ಅಣ್ಣ ಸೀನುತ್ತಿದ್ದ, ಅತ್ತಿಗೆ ಕೆಮ್ಮುತ್ತಿದ್ದಳು, ಬ್ರೆಡ್ಡು ಸರಿಯಾಗಿ ಬೇಯುತ್ತಿತ್ತು. ಇಬ್ಬರೂ ಇದರ ಬಗ್ಗೆ ತುಟಿ ಎರಡು ಮಾಡಲಿಲ್ಲ. ಅವನಿಗೆ ಗೊತ್ತಿದೆಯೋ ಇಲ್ಲವೋ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಅಣ್ಣ ತನ್ನ ಕೀರ್ತಿಯನ್ನೆಲ್ಲ ಔಷಧಿಗೆ ಕೊಟ್ಟಿದ್ದ. ಎದುರು ಸಾಲಿನ ಔಷಧಿ ಅಂಗಡಿಯಿಂದ ಅವನೇ ಆರಿಸಿ ತರುತ್ತಿದ್ದ ಹಳದಿ ಮಾತ್ರೆ ಬೆಳಿಗ್ಗೆ ಒಂದು, ಮಲಗುವಾಗ ಒಂದು. ಅಂಗಿಯ ಜೇಬಿನಲ್ಲಿ ಮೂಗಿಗೆ ಬಿಡುವ ಡ್ರಾಪ್ಸ್. ತಲೆ ಹಿಂದಕ್ಕೆ ಚೆಲ್ಲಿ ಎರಡೂ ಹೊಳ್ಳೆಗೆ ಬಿಟ್ಟುಕೊಂಡು, ಸೊರ್ರೆಂದು ಎಳೆದು, ಭಟ್ಟಿಯ ಮುಂದೆ ಎದೆ ಸೆಟೆಸಿ ನಿಲ್ಲುತ್ತಿದ್ದ.

"ಈ ಡ್ರಾಪ್ಸ್ ಇದೆಯಲ್ಲ, ಬಿಟ್ಕೊಂಡ್ರೆ ಮೂಗು ಹೆಬ್ಬಾಗಿಲು" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೆಬ್ಬಾಗಿಲು ತೆರೆದಿರುತ್ತಿದ್ದುದು ಅರ್ಧ ಗಂಟೆ. ಮತ್ತೆ ಧಡಾರನೆ ಮುಚ್ಚುತ್ತಿತ್ತು, ಮತ್ತೆ ಜೇಬಿಗೆ ಕೈ. ಪೆಟ್ಟಿಗೆಯ ಮೇಲೆ ಇರುವೆಯಂಥ ಅಕ್ಷರದಲ್ಲಿ, ಕೆಲವೇ ದಿನ ಬಳಸಿ ನಿಲ್ಲಿಸಬೇಕು ಎಂದು ಬರೆದಿತ್ತು. ಅತ್ತಿಗೆ ಓದಿ ಹೇಳಿದಾಗ, "ಅದೆಲ್ಲ ಪುಕ್ಕಲರಿಗೆ ಬರೆಯೋದು ಕಣೇ" ಎಂದಿದ್ದ. ಮಾತ್ರೆ, ಡ್ರಾಪ್ಸ್, ಹಣೆಗೆ ಮುಲಾಮು, ಹಬೆಗೆ ಇನ್ನೊಂದು ಡಬ್ಬಿ; ಮೂಗಿಗಿಂತ ಮೂಗುತಿಯೇ ಭಾರವಾಗಿತ್ತು. ಈಚೆಗೆ ಮರಗಳು ಎಲೆ ಬಿಟ್ಟ ಮೇಲೂ ಆ ಬಾಟಲಿ ಜೇಬು ಬಿಡುತ್ತಿರಲಿಲ್ಲ, ಅವಳ ಕೆಮ್ಮಿಗೂ ಬಿಡುವಿರಲಿಲ್ಲ. ವರ್ಷಕ್ಕೊಂದು ಕಾಲದ ಸೇವೆ ಹೀಗೆ ವರ್ಷವಿಡೀ ಆಗುತ್ತಿರುವುದನ್ನು ಕಂಡು ಅವಳಿಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಅದೊಂದಕ್ಕೇ ಅಲ್ಲ. "ಅಣ್ಣನ ಮೂಗು ಅಂದ್ರೆ ಮೂಗು" ಎಂದು ಗಿರಾಕಿಗಳು ಹೊಗಳಿದಾಗ ಅವಳಿಗೆ ಖುಷಿಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಆದರೆ ಭಟ್ಟಿ ಬಿಟ್ಟರೆ ಅವನಿಗೆ ಏನಿದೆ? ರಜೆಯ ದಿನ ಕೈ ಎಲ್ಲಿಡಬೇಕೆಂದು ತಿಳಿಯದೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವ ಮನುಷ್ಯ. ಬಾಗಿಲು ತೆರೆದು ಕಾವು ಮುಖಕ್ಕೆ ಹೊಡೆದಾಗ ಅವನ ಮುಖದಲ್ಲಿ ಮೂಡುವ ಹುಡುಗುತನವನ್ನು ಅವಳು ಬಲ್ಲಳು. ಮದುವೆಯ ಮೊದಲ ವರ್ಷಗಳ ಮುನಿಸನ್ನೆಲ್ಲ ಅವಳು ನುಂಗಿಕೊಂಡದ್ದು ಆ ಮುಖ ನೋಡಿಯೇ. ಅದು ಕೆಡಬಾರದು ಎಂದೇ ಕೆಮ್ಮುತ್ತಿದ್ದಳು.

ಈ ವರ್ಷ ಮರ ಹೂ ಬಿಡುವುದಕ್ಕೂ ಮೈದುನ ದೊಡ್ಡದೊಂದು ಆರ್ಡರು ಹಿಡಿದು ತರುವುದಕ್ಕೂ ಸರಿಹೋಯಿತು. ಆಸ್ಪತ್ರೆಯ ರೋಗಿಗಳಿಗೆ ದಿನಾ ಬೆಳಗಿನ ಬ್ರೆಡ್ಡು. ಮೈದುನ ಒಳ್ಳೆಯವನು; ಯಾರಿಗೆ ಏನಾದರೂ ತಾನೇ ಔಷಧಿ ತಂದುಕೊಡುವ ಚಟವೊಂದು ಬಿಟ್ಟರೆ ಅವನಲ್ಲಿ ದೋಷವಿಲ್ಲ. ವ್ಯಾನಿನ ಡ್ಯಾಶ್‌ಬೋರ್ಡಿನ ತುಂಬ ಮಾತ್ರೆ, ಸಿರಪ್ಪು, ಪ್ಲಾಸ್ಟರು. ಮನೆಯಲ್ಲಿ ಅವನಿಗೆ ಕಾಂಪೌಂಡರ್ ಎಂದೇ ಹೆಸರು.

"ಅಣ್ಣ, ಆರ್ಡರ್ ದೊಡ್ಡದು, ಒಂದು ದಿನವೂ ತಪ್ಪೋ ಹಾಗಿಲ್ಲ" ಎಂದ ಕಾಂಪೌಂಡರ್. "ಕರೆಂಟಿನ ಓವನ್ ನೋಡ್ಕೊಂಡು ಬಂದಿದೀನಿ. ಬೆಂದ ತಕ್ಷಣ ತಾನೇ ಗಂಟೆ ಹೊಡೆಯುತ್ತೆ. ನಿನಗೂ ಈ ಸೀನೋ ಕಾಲದಲ್ಲಿ ಕಷ್ಟ ತಪ್ಪುತ್ತೆ."

"ಅಪ್ಪ ನಿಂತ ಜಾಗದಲ್ಲಿ ಗಂಟೆ ಹೊಡೆಸ್ತೀಯಾ?" ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ, ಅದು ಕಟ್ಟಿದ್ದರೂ ಸರಿ. "ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ? ನನ್ನ ಮೂಗು ಎಂದಾದ್ರೂ ತಪ್ಪಿದೆಯಾ? ನೋಡು, ಒಂದೇ ಒಂದು ಸಲ ಸೀಯಲಿ, ನಾನೇ ಭಟ್ಟಿ ಬಿಟ್ಟು ಇಳೀತೀನಿ. ಆಮೇಲೆ ನೀನು ಗಂಟೆಯಾದ್ರೂ ಹೊಡಿ, ಜಾಗಟೆಯಾದ್ರೂ ಹೊಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಆಡಿದ ಮಾತಿಗೆ ತಪ್ಪುವ ಪೈಕಿಯಲ್ಲ ಎಂಬುದು ಇಬ್ಬರಿಗೂ ಗೊತ್ತು. ಆ ಮಾತು ನಿಂತಿರುವುದು ತನ್ನ ಗಂಟಲಿನ ಮೇಲೆ ಎಂಬುದು ಅತ್ತಿಗೆಗೆ ಮಾತ್ರ ಗೊತ್ತು. ಅವಳು ಕಾಗದ ಸುತ್ತುತ್ತಲೇ ಇದ್ದಳು.

ಆರ್ಡರು ದೊಡ್ಡದಾದಂತೆ ಭಟ್ಟಿ ತುಂಬಿಸುವ ಸರದಿಗಳೂ ಹೆಚ್ಚಾದವು, ಕೆಮ್ಮೂ ಹೆಚ್ಚಾಯಿತು. ಕಾಂಪೌಂಡರ್ ಕಿವಿ ಚುರುಕು.

"ಅತ್ತಿಗೆ, ನಿಮಗೂ ಅಣ್ಣನ ಅಲರ್ಜಿ ಹತ್ಕೊಂಡಿತಾ?"

"ಇಲ್ಲಪ್ಪ, ಹಿಟ್ಟಿನ ಧೂಳು."

"ಧೂಳು ಅಂತ ಉದಾಸೀನ ಮಾಡ್ಬೇಡಿ. ನನ್ನ ಸ್ನೇಹಿತನ ಮಾವ ಹೀಗೇ ಧೂಳು ಧೂಳು ಅಂತಿದ್ರು." ಸ್ನೇಹಿತನ ಮಾವನಿಗೆ ಕೊನೆಗೆ ಏನಾಯಿತೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅದನ್ನು ಕೇಳಿಸಿಕೊಂಡ ಅಣ್ಣ ಮರುದಿನ ಬೆಳಿಗ್ಗೆ ತನ್ನ ಹಳದಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ. "ಒಂದೇ ಮನೆ, ಒಂದೇ ಗಾಳಿ. ನನಗಾದದ್ದೇ ನಿನಗೂ ಆಗಿರುತ್ತೆ. ತಗೋ." ನುಂಗುವವರೆಗೂ ಎದುರಿಗೇ ನಿಂತ. ಬೇಡವೆಂದರೆ, ಹಾಗಾದರೆ ಯಾಕೆ ಕೆಮ್ಮುತ್ತೀಯ ಎನ್ನುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಮಾತ್ರೆ ನುಂಗುವುದು ಸುಲಭವಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹೊರಟವರ ಪಾಡೇ ಇದು. ಅಣ್ಣನಿಗೆ ಆ ಮಾತ್ರೆ ಒಗ್ಗಿಹೋಗಿತ್ತು. ಅವಳಿಗೆ ಕಣ್ಣು ಎಳೆಯುತ್ತಿತ್ತು. ಗಟ್ಟಿಯಾಗಿ ಚಹಾ ಮಾಡಿ ಕುಡಿದು ಹೇಗೋ ತಡೆದುಕೊಂಡಳು.

ಮಾತ್ರೆ ನುಂಗಿದ ಮೇಲೂ ಕೆಮ್ಮು ನಿಲ್ಲಲಿಲ್ಲ ಎಂದು ಬೇರೆ ಹೇಳಬೇಕೇ? ಕಾಂಪೌಂಡರ್‌ಗೆ ಇದು ಸವಾಲಾಯಿತು. ಒಂದು ಬೆಳಿಗ್ಗೆ ವ್ಯಾನಿನಿಂದ ಕೆಂಪು ಸಿರಪ್ಪಿನ ಬಾಟಲಿ ಹಿಡಿದು ಒಳಗೆ ಬಂದ. ಮುಚ್ಚಳಕ್ಕೆ ಬಗ್ಗಿಸಿ, "ಕುಡೀರಿ ಅತ್ತಿಗೆ, ಕೆಮ್ಮು ಹೇಳಹೆಸರಿಲ್ಲದೆ ಹೋಗುತ್ತೆ" ಎಂದ.

"ಆಮೇಲೆ ಕುಡೀತೀನಿ, ಅಲ್ಲಿಡು."

"ಆಮೇಲೆ ಅಂದ್ರೆ ನೀವು ಕುಡಿಯಲ್ಲ. ನನಗೆ ಗೊತ್ತಿಲ್ವಾ."

ಅವನ ಮುಖದಲ್ಲಿ ಅಷ್ಟು ಕಾಳಜಿ ಇತ್ತು. ಅವಳು ಕುಡಿದಳು. ಮೊದಲ ಮುಚ್ಚಳ ಇಳಿಯುತ್ತಲೇ ಅವನು ಎರಡನೆಯದನ್ನೂ ಬಗ್ಗಿಸಿದ, ಅದನ್ನೂ ಕುಡಿದಳು. ಅದಕ್ಕೆ ಸ್ವಲ್ಪ ಮೊದಲು ಹಳದಿ ಮಾತ್ರೆಯೂ ಹೊಟ್ಟೆಗೆ ಹೋಗಿತ್ತು.

ಆಸ್ಪತ್ರೆಯ ಬ್ರೆಡ್ಡು ಭಟ್ಟಿಯೊಳಗೆ ಹೋಯಿತು, ಕಬ್ಬಿಣದ ಬಾಗಿಲು ಮುಚ್ಚಿತು. ಅಣ್ಣ ಡ್ರಾಪ್ಸ್ ಬಿಟ್ಟುಕೊಂಡು ನಿಂತ. ಅತ್ತಿಗೆ ಚಾಕು ಹಿಡಿದಳು. ಒದ್ದೆ ಹಿಟ್ಟಿನ ವಾಸನೆ ಬಂತು. ಹುಳಿ ಬಂತು. ಚಾಕು ಭಾರ ಎನ್ನಿಸಿತು, ಕೆಳಗಿಟ್ಟಳು. ರೆಪ್ಪೆಯ ಮೇಲೆ ಯಾರೋ ಹೆಬ್ಬೆರಳು ಇಟ್ಟು ಒತ್ತಿದ ಹಾಗಾಯಿತು. ಒಂದು ಗಳಿಗೆ ಎಂದುಕೊಂಡು ಸುತ್ತುವ ಕಾಗದದ ಕಟ್ಟಿನ ಮೇಲೆ ಕೆನ್ನೆ ಇಟ್ಟಳು.

ನಿದ್ದೆಯಲ್ಲೂ ಅವಳಿಗೆ ಆ ಸಿಹಿ ಬಂತು. ಅದು ಗಟ್ಟಿಯಾದದ್ದೂ ತಿಳಿಯಿತು. ಈಗ ಕೆಮ್ಮಬೇಕು ಎಂದು ಗೊತ್ತಿತ್ತು, ಗಂಟಲಿಗೆ ಹೇಳಿದಳು, ಗಂಟಲು ಕೇಳಲಿಲ್ಲ. ಆಮೇಲೆ ಕಹಿ ಬಂತು. ಕಹಿ ಬಂದು, ಬೆಳೆದು, ತುಂಬಿಕೊಂಡು, ಕೊನೆಗೆ ಅವಳ ಕನಸಿನ ಒಳಗೇ ಹೊಗೆಯಾಡಿತು.

ಅಂಗಡಿಯ ಮುಂದೆ ನಿಂತ ಗಿರಾಕಿಯೊಬ್ಬರು "ಏನೋ ಸೀಯ್ತಾ ಇದೆ!" ಎಂದು ಕೂಗಿದ್ದು ಅವಳಿಗೆ ದೂರದಿಂದ ಕೇಳಿಸಿತು. ಕಾಂಪೌಂಡರ್ ಓಡಿಬಂದು ಬಳೆ ಎಳೆದ. ಹೊಗೆ ಭುಸ್ಸೆಂದು ಹೊರಗೆ ನುಗ್ಗಿತು. ಒಳಗೆ ಸಾಲಾಗಿ ಇದ್ದಿಲು. ಅಣ್ಣ ಬಾಗಿಲಿಂದ ಒಂದು ಮೊಳ ದೂರದಲ್ಲಿ, ಕಣ್ಣು ಒರೆಸಿಕೊಳ್ಳುತ್ತಾ, ಇದ್ದ ಹಾಗೇ ನಿಂತಿದ್ದ.

"ಏನಣ್ಣ ಇದು? ಇಲ್ಲೇ ನಿಂತಿದ್ದೀಯಲ್ಲ! ಯಾಕೆ ತೆಗೀಲಿಲ್ಲ?"

ಅಣ್ಣ ಹೇಳಿದ: "ಅವಳು ಕೆಮ್ಮಲಿಲ್ಲ."

ಹೇಳಿದವನೇ ಬಾಯಿಗೆ ಕೈ ಅಡ್ಡ ಹಿಡಿದ. ಮಾತು ಹೊರಗೆ ಬಿದ್ದ ಮೇಲೆಯೇ ಅದು ತನ್ನ ಒಳಗಿತ್ತೆಂದು ಅವನಿಗೂ ತಿಳಿದ ಹಾಗಿತ್ತು. ಕಾಂಪೌಂಡರ್ ಅಣ್ಣನನ್ನು ನೋಡಿದ, ಕಾಗದದ ಮೇಲೆ ಕೆನ್ನೆಯಿಟ್ಟಿದ್ದ ಅತ್ತಿಗೆಯನ್ನು ನೋಡಿದ, ಅವಳ ಪಕ್ಕದಲ್ಲಿದ್ದ ಕೆಂಪು ಬಾಟಲಿಯನ್ನು ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಅತ್ತಿಗೆ ಎಲ್ಲ ಕೇಳಿಸಿಕೊಂಡಳು. ಏಳಬೇಕೆಂದುಕೊಂಡಳು, ಮೈ ಏಳಲಿಲ್ಲ. ಇಷ್ಟು ವರ್ಷದ ಗುಟ್ಟು ಹೀಗೆ ಎರಡೇ ಪದದಲ್ಲಿ ರಟ್ಟಾಯಿತಲ್ಲ ಎಂದು ಅಳು ಬಂತು, ಅಳುವಷ್ಟು ಎಚ್ಚರವೂ ಇರಲಿಲ್ಲ.

ಕರೆದುಕೊಂಡು ಬಂದದ್ದು ಔಷಧಿ ಅಂಗಡಿಯಾಕೆಯನ್ನು. ದಿನಾ ಇವರ ಬ್ರೆಡ್ಡನ್ನೇ ತಿನ್ನುವ ಹೆಂಗಸು. ಬಿಳಿ ಕೋಟಿನಲ್ಲೇ ಬೀದಿ ದಾಟಿ ಬಂದಳು. ಅತ್ತಿಗೆಯ ಕಣ್ಣು ಬಿಡಿಸಿ ನೋಡಿ, ಹೆಸರು ಕೇಳಿ, ಉಸಿರು ಗಮನಿಸಿ, ಮಾತ್ರೆಯ ಪೆಟ್ಟಿಗೆಯನ್ನೂ ಸಿರಪ್ಪಿನ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು ಓದಿದಳು.

"ಎರಡರಲ್ಲೂ ಇರೋದು ಒಂದೇ ಔಷಧಿ" ಎಂದಳು. "ಹೆಸರು ಬೇರೆ, ಬಣ್ಣ ಬೇರೆ. ಇದರದೇ ಗುಣ ನಿದ್ದೆ ಬರಿಸೋದು. ನೀವು ದುಪ್ಪಟ್ಟು ಹಾಕಿದೀರ. ಕರೆದ್ರೆ ಮಾತಾಡ್ತಿದಾರೆ, ಅದೇ ಪುಣ್ಯ. ಒಬ್ಬರು ಪಕ್ಕದಲ್ಲೇ ಕೂತಿರಿ, ಕರೆದ್ರೂ ಓಗೊಡಲಿಲ್ಲ ಅಂದ್ರೆ ಸೀದಾ ಆಸ್ಪತ್ರೆಗೆ."

"ಡಾಕ್ಟರ ಚೀಟಿ ಇಲ್ಲದೆ ಕೊಡೋ ಔಷಧಿ ತಾನೇ ಮೇಡಂ, ಏನೂ ಮಾಡಲ್ಲ ಅಂತ..." ಕಾಂಪೌಂಡರ್ ತೊದಲಿದ.

"ಏನೂ ಮಾಡದೆ ಇದ್ರೆ ಅದನ್ನ ಯಾಕೆ ಕೊಂಡ್ಕೋತೀರಿ? ಕೌಂಟರಿನಲ್ಲಿ ಬೆರಳು ತೋರಿಸಿ 'ಅದು ಕೊಡಿ' ಅಂತೀರೇ ಹೊರತು, ಮನೆಯಲ್ಲಿ ಇನ್ನೇನು ತಗೋತಿದಾರೆ ಅಂತ ಒಂದು ದಿನ ಹೇಳಿದೀರಾ? ನನಗೂ ಈ ಕಾಲದಲ್ಲಿ ಬೀದಿ ತುಂಬ ಕೆಂಪು ಮೂಗು, ಕೇಳೋಕೆ ಪುರುಸೊತ್ತು ಇರಲ್ಲ." ಕೊನೆಯ ಮಾತನ್ನು ಸ್ವಲ್ಪ ತಗ್ಗಿಸಿ ಹೇಳಿದಳು. ಆಮೇಲೆ ಅಣ್ಣನ ಜೇಬಿನ ಮೇಲೆ ಅವಳ ಕಣ್ಣು ಬಿತ್ತು. "ಅದು ಎಷ್ಟು ದಿನದಿಂದ?"

"ಮರ ಹೂ ಬಿಟ್ಟಾಗಿನಿಂದ."

"ಈ ವರ್ಷದ ಹೂವಾ, ಹೋದ ವರ್ಷದ್ದಾ?"

ಅಣ್ಣ ಜೇಬಿನ ಮೇಲೆ ಕೈ ಮುಚ್ಚಿಕೊಂಡ.

"ಹೂವಿನದು ಒಂದು ಪಾಲು, ಈ ಬಾಟ್ಲಿಯದು ಮೂರು ಪಾಲು. ಇದನ್ನ ದಿನಗಟ್ಟಲೆ ಬಿಟ್ಕೊಂಡ್ರೆ ಇದೇ ಮೂಗು ಕಟ್ಟಿಸುತ್ತೆ. ನಿಲ್ಲಿಸಿ. ಮೊದಮೊದಲು ಪ್ರಾಣ ಹೋದ ಹಾಗಾಗುತ್ತೆ, ಆಗ ಮೂಗು-ಕಿವಿ ಡಾಕ್ಟರ ಹತ್ರ ಹೋಗಿ. ಉಪ್ಪುನೀರಲ್ಲಿ ಮೂಗು ತೊಳ್ಕೊಳ್ಳಿ, ನೀರು ಮಾತ್ರ ಕುದಿಸಿ ಆರಿಸಿದ್ದಾಗಿರ್ಬೇಕು. ಹಾಸಿಗೆ ಪಕ್ಕದ ಕಿಟಕಿ ಮುಚ್ಚಿಡಿ."

ಆಸ್ಪತ್ರೆಗೆ ಆ ದಿನ ಬೇರೆ ಬೇಕರಿಯ ಬ್ರೆಡ್ಡು ಒಯ್ದು ಕೊಟ್ಟು ಕಾಂಪೌಂಡರ್ ಮಾನ ಉಳಿಸಿಕೊಂಡ. ಅತ್ತಿಗೆ ಸಂಜೆಯವರೆಗೂ ಮಲಗಿದಳು. ಕಣ್ಣು ಬಿಟ್ಟಾಗ ಅಣ್ಣ ಕಾಲ ಬಳಿ ಕೂತಿದ್ದ. ಎದ್ದಿದ್ದೀಯಾ ಎಂದು ಕೇಳಿದ, ಎದ್ದಿದ್ದೇನೆ ಎಂದಳು.

ಮರುದಿನ ಬೆಳಗಾಗುವ ಮೊದಲೇ ಅಣ್ಣ ಮೊಳೆಯಿಂದ ತನ್ನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಸೀದಿದೆ. ನಾನು ಹೇಳಿದ್ದೆ. ಇಳಿದೆ" ಎಂದ ತಮ್ಮನಿಗೆ. ಬೇಡ ಅಣ್ಣ ಎಂದು ತಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಗಂಟೆಯ ಓವನ್ ಬರಬೇಕಾದರೆ ಇನ್ನೂ ದಿನ ಹಿಡಿಯುತ್ತದೆ. ನಾದಿದ ಹಿಟ್ಟು ಅಚ್ಚುಗಳಲ್ಲಿ ಉಬ್ಬಿ ಕಾಯುತ್ತಿದೆ. ಅಣ್ಣತಮ್ಮ ಇಬ್ಬರೂ ಮೋರೆ ಮೋರೆ ನೋಡುತ್ತಾ ನಿಂತಿದ್ದಾರೆ. ಅತ್ತಿಗೆ ಮೇಜಿನಿಂದ ಎದ್ದಳು.

"ನಾನು ನಿಲ್ತೀನಿ" ಎಂದಳು.

ಅಣ್ಣ ಬ್ರೆಡ್ಡು ಹೊರಗೆಳೆಯುವ ಉದ್ದ ಹಿಡಿಯ ಹಲಗೆಯನ್ನು ಅವಳ ಕೈಗೆ ಕೊಟ್ಟು, ಅವಳ ಮೇಜಿಗೆ ಹೋಗಿ ಚಾಕು ಹಿಡಿದು ಕೂತ.

ಇಷ್ಟು ವರ್ಷ ಆ ಬಾಗಿಲು ತೆರೆಯುವ ಹೊತ್ತು ಅವಳದೇ ಆಗಿತ್ತು, ಬಳೆಯನ್ನು ಮಾತ್ರ ಅವಳು ಒಮ್ಮೆಯೂ ಹಿಡಿದಿರಲಿಲ್ಲ. ಈಗ ಹಿಡಿದಳು. ದೂರದಿಂದ ಹಿಡಿದ ವಾಸನೆಗೂ ಎದುರು ನಿಂತು ಹಿಡಿಯುವ ವಾಸನೆಗೂ ವ್ಯತ್ಯಾಸವಿತ್ತು. ಸಿಹಿ ಒಮ್ಮೆಲೇ ಮುಖಕ್ಕೆ ಬಂತು. ತಡೆದಳು. ಗಟ್ಟಿಯಾಗಲಿ ಎಂದು ಕಾದಳು. ಎಳೆದಳು. ಕಾವು ಹುಬ್ಬಿಗೆ ತಗುಲಿತು. ಒಳಗೆ ಬ್ರೆಡ್ಡು ಸಾಲುಸಾಲಾಗಿ ಬಂಗಾರದ ಬಣ್ಣದಲ್ಲಿ ಕೂತಿತ್ತು. ಅವಳಿಗೆ ಸಂತೋಷವಾಯಿತು. ಗಂಡ ಇಳಿದ ಜಾಗದಲ್ಲಿ ನಿಂತು ಸಂತೋಷಪಡುವುದು ಸರಿಯೋ ತಪ್ಪೋ ಅವಳಿಗೆ ತಿಳಿಯದು, ಆದರೆ ಆಯಿತು.

ಅಣ್ಣ ಹೆಚ್ಚಿದ ಬ್ರೆಡ್ಡಿನಲ್ಲಿ ಒಂದು ಹೋಳು ದಿಂಬು, ಇನ್ನೊಂದು ಹೋಳು ಎಲೆ. ಗಿರಾಕಿಗಳು ಮೂಗು ಮುರಿದರು. ಅವನಿಗೆ ಆಗ ಯಾರು ಏನು ಮುರಿದರೂ ಕೇಳುವ ಸ್ಥಿತಿ ಇರಲಿಲ್ಲ. ಡ್ರಾಪ್ಸ್ ನಿಲ್ಲಿಸಿದ ಮೇಲೆ ಮೂಗು ಗೋಡೆಯ ಹಾಗೆ ಮುಚ್ಚಿ, ಬಾಯಲ್ಲಿ ಉಸಿರಾಡುತ್ತಾ, ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ಡಾಕ್ಟರು ಬೇರೆ ಸ್ಪ್ರೇ ಬರೆದುಕೊಟ್ಟು ತಾಳ್ಮೆ ಇರಲಿ ಎಂದರು. ತಾಳ್ಮೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಲ್ಲ! ಅತ್ತಿಗೆ ಉಪ್ಪುನೀರು ಮಾಡಿಕೊಟ್ಟರೆ, "ಮುಳುಗಿಸಿ ಕೊಲ್ತೀಯೇನೇ" ಎನ್ನುತ್ತಿದ್ದ. ಒಂದೆರಡು ಸಲ ಹಳೆಯ ಬಾಟಲಿಗಾಗಿ ಅವನು ಅಂಗಿಯ ಜೇಬು ತಡಕಿದ್ದನ್ನು ಅವಳು ಕಂಡಳು. ಅದನ್ನು ಅವಳು ಯಾವಾಗಲೋ ಕಸಕ್ಕೆ ಎಸೆದಿದ್ದಳು.

ಮೊದಲು ಒಂದು ಹೊಳ್ಳೆ ಬಿಟ್ಟಿತು. ಹೊರಗೆ ಮರಗಳ ಹಳದಿ ತೆಳ್ಳಗಾಗುತ್ತಾ ಬಂತು. ಒಂದು ಮಧ್ಯಾಹ್ನ ಕೈ ತೊಳೆದು ಬಂದವನು ಅಂಗೈ ಮೂಸುತ್ತಾ, "ಸೋಪಿನ ವಾಸನೆ ಬರ್ತಿದೆ ಕಣೇ" ಎಂದ. ಮಗುವಿಗೆ ಹಲ್ಲು ಬಂದಷ್ಟು ಸಂಭ್ರಮ ಅವನಿಗೆ. ಅವಳೂ ನಕ್ಕಳು. ನಕ್ಕ ಮೇಲೆ ಯೋಚನೆ ಬಂತು. ಮೂಗು ಬಂದರೆ ಭಟ್ಟಿ ಕೇಳುತ್ತಾನೆ. ಮಾತು ಕೊಟ್ಟವನು ಬಾಯಿಬಿಟ್ಟು ಕೇಳಲಾರ. ಆದರೆ ಕಣ್ಣಲ್ಲಿ ಕೇಳಿದರೂ ಅವಳು ಕೊಟ್ಟುಬಿಡುತ್ತಾಳೆ, ಕೊಡದೆ ಹೇಗಿರುವುದು? ಕೊಡಲು ಮನಸ್ಸಿಲ್ಲ ಎಂಬುದು ಅವಳಿಗೆ ಅವತ್ತೇ ಸ್ಪಷ್ಟವಾದದ್ದು. ಗಂಟೆ ಓವನಿನ ಸುದ್ದಿಯನ್ನು ಕಾಂಪೌಂಡರ್ ಎತ್ತುತ್ತಲೇ ಇರಲಿಲ್ಲ. ಆಸ್ಪತ್ರೆಯವರು ಬ್ರೆಡ್ಡು ಮೊದಲಿಗಿಂತ ಚೆನ್ನಾಗಿದೆ ಎಂದಿದ್ದನ್ನು ಅಣ್ಣನ ಕಿವಿಗೆ ಬೀಳದ ಹಾಗೆ ಅವಳಿಗೆ ಮಾತ್ರ ಹೇಳಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ. ಕಾಂಪೌಂಡರ್ ಖಾಲಿ ಟ್ರೇ ಜೋಡಿಸುತ್ತಿದ್ದ. ಅತ್ತಿಗೆ ಬಾಗಿಲ ಮುಂದೆ ನಿಂತಿದ್ದಳು, ಬಳೆಯ ಮೇಲೆ ಕೈ. ಹುಳಿ ಕಳೆದು ಸಿಹಿ ಬಂದಿತ್ತು. ಹಿಂದೆ ಚಾಕುವಿನ ಸದ್ದು ನಿಂತಿತು.

ಅಣ್ಣ ಕೆಮ್ಮಿದ.

ಧೂಳಿನ ಕೆಮ್ಮಲ್ಲ. ಅಂಥ ಕೆಮ್ಮನ್ನು ಇಷ್ಟು ವರ್ಷ ಕೆಮ್ಮಿದವಳಿಗೆ ಅದರ ಗುರುತು ಹೇಳಿಕೊಡಬೇಕಾಗಿಲ್ಲ. ಕಾಂಪೌಂಡರ್ ಕೈಯಲ್ಲಿನ ಟ್ರೇ ಹಾಗೇ ನಿಂತಿತು. ಅವಳ ಕೈ ಬಳೆಯನ್ನು ಬಿಗಿಯಾಗಿ ಹಿಡಿಯಿತು. ಎಳೆದರೆ ಅವನ ಮುಖ ಅರಳುತ್ತದೆ, ಅವಳಿಗೆ ಗೊತ್ತು. ಬ್ರೆಡ್ಡು ತುಸು ಬಿಳಿಚಿಕೊಂಡಿರುತ್ತದೆ, ಅಷ್ಟೇ. ಯಾರೂ ಅದಕ್ಕೆ ಸಾಯುವುದಿಲ್ಲ. ಆದರೆ ಸಿಹಿ ಇನ್ನೂ ಗಟ್ಟಿಯಾಗಿರಲಿಲ್ಲ. ಅವನ ಕೆಮ್ಮು ಆತುರದ್ದು.

ಅವಳು ಎಳೆಯಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ. ಪಾಪ ಎನ್ನಿಸಿತು, ಕಣ್ಣಿಗೆ ನೀರೂ ಬಂತು, ಆದರೂ ಕಾದಳು. ಭಟ್ಟಿಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು. ಗಟ್ಟಿಯಾಯಿತು. ಈಗ ಎಳೆದಳು.

ಹಲಗೆಯ ಮೇಲೆ ಹೊರಗೆ ಬಂದ ಬ್ರೆಡ್ಡನ್ನು ಮೂವರೂ ನೋಡಿದರು. ಅಣ್ಣ ಎದ್ದು ಹತ್ತಿರ ಬಂದ. ಒಂದನ್ನು ಟವೆಲಿನಲ್ಲಿ ಎತ್ತಿ, ತಳಕ್ಕೆ ಬೆರಳಿನಿಂದ ತಟ್ಟಿ, ಮುಖದ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಅದನ್ನು ಇದ್ದ ಜಾಗದಲ್ಲೇ ಇಟ್ಟ. ಹೆಗಲ ಮೇಲಿದ್ದ ಟವೆಲು ಈಗ ಕೈಯಲ್ಲಿತ್ತು. ಅದನ್ನು ಒದರಿ, ಅವಳ ತಲೆಯ ಮೇಲಿನ ಮೊಳೆಗೆ ತಗುಲಿಸಿದ.

"ಕೈ ಒರೆಸ್ಕೊಳ್ಳೋಕೆ ನಿನಗೇ ಬೇಕಾಗುತ್ತೆ" ಎಂದ. ಮೇಜಿಗೆ ಹೋಗಿ ಚಾಕು ಕೈಗೆ ತೆಗೆದುಕೊಂಡು, ಯಾರನ್ನೂ ನೋಡದೆ ಇನ್ನೊಂದು ಮಾತು ಸೇರಿಸಿದ: "ನನ್ನ ಮೂಗು ಇನ್ನೂ ಸ್ವಲ್ಪ ಕಟ್ಟಿದೆ ಅನ್ಸುತ್ತೆ."